ಅಗ್ರ ಮಾದರಿಯೋ, ಮಧ್ಯಮ ಬೆಲೆಯದೋ? ವೃತ್ತಿಪರ ಕ್ಯಾಮೆರಾ ಬಾಡಿ ಕೊಳ್ಳುವ ಮುನ್ನ

ಛಾಯಾಗ್ರಹಣವನ್ನು ಜೀವನೋಪಾಯ ಮಾಡಿಕೊಂಡವರು ಇಂದಲ್ಲ ನಾಳೆ ಎದುರಿಸಲೇಬೇಕಾದ ಪ್ರಶ್ನೆಯೊಂದಿದೆ. ಕಂಪನಿಯೊಂದು ತಯಾರಿಸುವ ಅತ್ಯುನ್ನತ ಮಾದರಿಯ ಕ್ಯಾಮೆರಾ ಬಾಡಿಯನ್ನೇ ಕೊಳ್ಳಬೇಕೆ, ಇಲ್ಲವೇ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ, ಬೆಲೆಯಲ್ಲಿ ಗಣನೀಯವಾಗಿ ಕಡಿಮೆಯಾದ ವೃತ್ತಿಪರ ಬಾಡಿ ಸಾಕೆ? ಸಾಲ ಮಾಡಿ ಸ್ಟುಡಿಯೊ ತೆರೆದ ಯುವಕನಿಗೂ, ಸ್ವಂತ ಹಣದಲ್ಲೇ ಸಲಕರಣೆ ಹೊಂದಿಸಿಕೊಳ್ಳಬೇಕಾದ ಹವ್ಯಾಸಿ ಸುದ್ದಿ ಛಾಯಾಗ್ರಾಹಕನಿಗೂ ಇದು ಕೇವಲ ತಾಂತ್ರಿಕ ಕುತೂಹಲದ ವಿಷಯವಲ್ಲ. ವರ್ಷಗಟ್ಟಲೆ ಕಂತು ಕಟ್ಟಬೇಕಾದ ಹಣದ ವಿಷಯ.

ಒಂದು ಉದಾಹರಣೆಯನ್ನು ಗಮನಿಸಬಹುದು. ನಿಕಾನ್ ಕಂಪನಿಯು 2021ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಗ್ರ ಮಾದರಿ ಝಡ್9ಕ್ಕೆ ಭಾರತದಲ್ಲಿ ನಿಗದಿಪಡಿಸಿದ ಆರಂಭಿಕ ಬೆಲೆ 4,75,995 ರೂ. 2023ರ ಮೇ ತಿಂಗಳಲ್ಲಿ ಬಂದ ಝಡ್8ರ ಆರಂಭಿಕ ಬೆಲೆ 3,43,995 ರೂ. ಎರಡೂ ಲೆನ್ಸ್ ಇಲ್ಲದ ಬರೀ ಬಾಡಿಯ ಬೆಲೆಗಳು. ಅಂತರ 1,32,000 ರೂ. ಎರಡು ಕ್ಯಾಮೆರಾಗಳ ಸೆನ್ಸರ್ ಒಂದೇ ಬಗೆಯದು. ಚಿತ್ರವನ್ನು ಸಂಸ್ಕರಿಸುವ ಪ್ರೊಸೆಸರ್ ಕೂಡ ಒಂದೇ. ಹಾಗಿದ್ದರೆ ಆ ಹೆಚ್ಚುವರಿ ಹಣ ಯಾವುದರ ಬೆಲೆ? ಇದಕ್ಕೆ ಸರಿಯಾದ ಉತ್ತರ ಗೊತ್ತಿದ್ದವರಿಗೆ ಆಯ್ಕೆ ಕಷ್ಟವಾಗುವುದಿಲ್ಲ.

ಸಂಕ್ಷೇಪವಾಗಿ ಹೇಳುವುದಾದರೆ, ಅಗ್ರ ಮಾದರಿಗೆ ತೆರುವ ಅಧಿಕ ಹಣದ ಬಹುಪಾಲು ಚಿತ್ರದ ಗುಣಮಟ್ಟಕ್ಕಲ್ಲ. ಅದು ವೇಗಕ್ಕೆ, ಬಾಳಿಕೆಗೆ ಮತ್ತು ಎಂಥ ಸಂದರ್ಭದಲ್ಲೂ ಕೈಕೊಡದೆಂಬ ಭರವಸೆಗೆ ತೆರುವ ಬೆಲೆ. ಆ ಭರವಸೆ ಯಾರ ಕೆಲಸಕ್ಕೆ ಅನಿವಾರ್ಯ, ಯಾರಿಗೆ ಅದನ್ನು ಬೇರೆ ದಾರಿಯಲ್ಲಿ ಪಡೆಯಲು ಸಾಧ್ಯ ಎಂಬುದನ್ನು ಅಳೆದು ನೋಡಬೇಕು.

ಫಿಲ್ಮ್ ಯುಗದ ಪಾಠ

ಈ ಪ್ರಶ್ನೆ ಡಿಜಿಟಲ್ ಯುಗದ್ದೇನೂ ಅಲ್ಲ. ನಿಕಾನ್ 1996ರಲ್ಲಿ ಎಫ್5 ಎಂಬ ಫಿಲ್ಮ್ ಕ್ಯಾಮೆರಾವನ್ನು ಹೊರತಂದಿತು. ಸೆಕೆಂಡಿಗೆ 8 ಚಿತ್ರ ತೆಗೆಯುತ್ತಿದ್ದ, 1,200 ಗ್ರಾಂಗೂ ಅಧಿಕ ತೂಕದ, 8 ಪೆನ್ ಬ್ಯಾಟರಿ ಬೇಡುತ್ತಿದ್ದ ಈ ಯಂತ್ರ ಆ ಕಾಲದ ಸುದ್ದಿ ಮತ್ತು ಕ್ರೀಡಾ ಛಾಯಾಗ್ರಾಹಕರ ನೆಚ್ಚಿನ ಸಾಧನವಾಗಿತ್ತು. 1999ರಲ್ಲಿ ಮಾರುಕಟ್ಟೆಗೆ ಬಂದ ಎಫ್100 ಅದರ ಕಿರಿಯ ಸಹೋದರ. ತೂಕ 785 ಗ್ರಾಂ, ವೇಗ ಸೆಕೆಂಡಿಗೆ ನಾಲ್ಕೂವರೆ ಚಿತ್ರ. ವ್ಯೂಫೈಂಡರ್ ಚೌಕಟ್ಟಿನ ಪೂರ್ಣ ಭಾಗದ ಬದಲು ಶೇ. 96ರಷ್ಟನ್ನು ಮಾತ್ರ ತೋರಿಸುತ್ತಿತ್ತು. ಶಟರ್‌ನ ಗರಿಷ್ಠ ವೇಗ ಎರಡರಲ್ಲೂ ಸೆಕೆಂಡಿನ 8,000ದಲ್ಲೊಂದು ಭಾಗ.

ಎರಡೂ ಕ್ಯಾಮೆರಾಗಳಿಗೆ ಒಂದೇ ಲೆನ್ಸ್ ಜೋಡಿಸಿ, ಒಂದೇ ಫಿಲ್ಮ್ ಸುತ್ತಿ, ಒಂದೇ ದೃಶ್ಯವನ್ನು ಒಂದೇ ಎಕ್ಸ್‌ಪೋಷರ್‌ನಲ್ಲಿ ತೆಗೆದರೆ ಮುದ್ರಿತ ಚಿತ್ರಗಳಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. ಚಿತ್ರದ ಗುಣವನ್ನು ನಿರ್ಧರಿಸುತ್ತಿದ್ದುದು ಲೆನ್ಸ್ ಮತ್ತು ಫಿಲ್ಮ್. ಬಾಡಿ ಎಂದರೆ ಬೆಳಕು ಒಳನುಗ್ಗದಂತೆ ಫಿಲ್ಮನ್ನು ಹಿಡಿದಿಟ್ಟುಕೊಳ್ಳುವ, ಸರಿಯಾದ ಗಳಿಗೆಯಲ್ಲಿ ಶಟರ್ ತೆರೆಯುವ ಪೆಟ್ಟಿಗೆ. ಆದ್ದರಿಂದ ಎಫ್5 ಕೊಂಡವರು ಸುಂದರ ಚಿತ್ರಕ್ಕಾಗಿ ಅದನ್ನು ಕೊಳ್ಳಲಿಲ್ಲ, ಕ್ಷಣವನ್ನು ಕಳೆದುಕೊಳ್ಳಬಾರದೆಂದು ಕೊಂಡರು.

ಸೆನ್ಸರ್ ಬಂದಾಗ ಬದಲಾದ ಲೆಕ್ಕ

ಡಿಜಿಟಲ್ ತಂತ್ರಜ್ಞಾನ ಈ ಸರಳ ಲೆಕ್ಕವನ್ನು ಕೆಲಕಾಲ ಏರುಪೇರು ಮಾಡಿತು. ಫಿಲ್ಮಿನ ಜಾಗದಲ್ಲಿ ಸೆನ್ಸರ್ ಕುಳಿತ ಮೇಲೆ ಬಾಡಿ ಬದಲಿಸುವುದೆಂದರೆ ಫಿಲ್ಮನ್ನೇ ಬದಲಿಸಿದಂತೆ ಆಯಿತು. ದೊಡ್ಡ ಸೆನ್ಸರ್‌ಗಳ ತಯಾರಿಕೆ ಆಗ ಅತಿ ದುಬಾರಿ. ಕ್ಯಾನನ್ 2002ರಲ್ಲಿ ತಂದ ಇಒಎಸ್-1ಡಿಎಸ್, 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡದಾದ 11.1 ಮೆಗಾಪಿಕ್ಸೆಲ್ ಸೆನ್ಸರ್ ಹೊಂದಿತ್ತು. ಅಮೆರಿಕದಲ್ಲಿ ಅದರ ಬೆಲೆ 7,999 ಡಾಲರ್. ಕ್ಯಾನನ್ ಬಳಕೆದಾರರಿಗೆ ಅಂಥ ಚಿತ್ರ ಬೇಕಿದ್ದರೆ ಅಷ್ಟು ಹಣ ತೆರದೆ ಅನ್ಯ ಮಾರ್ಗವಿರಲಿಲ್ಲ.

2005ರಲ್ಲಿ ಅದೇ ಕಂಪನಿಯ ಇಒಎಸ್ 5ಡಿ ಈ ಕಟ್ಟನ್ನು ಮುರಿಯಿತು. 12.8 ಮೆಗಾಪಿಕ್ಸೆಲ್‌ನ ಪೂರ್ಣ ಗಾತ್ರದ ಸೆನ್ಸರ್, ಬೆಲೆ 3,299 ಡಾಲರ್. ವೇಗ ಸೆಕೆಂಡಿಗೆ ಕೇವಲ 3 ಚಿತ್ರ. ಮದುವೆ, ಭಾವಚಿತ್ರ, ನಿಸರ್ಗದೃಶ್ಯಗಳ ಛಾಯಾಗ್ರಾಹಕರಿಗೆ ಆ ವೇಗವೇ ಸಾಕಾಗಿತ್ತು. ವೃತ್ತಿಪರ ಬಾಡಿ ಎಂದರೆ ಅಗ್ರ ಮಾದರಿಯೇ ಆಗಬೇಕೆಂಬ ಭಾವನೆ ಅಲ್ಲಿಂದ ಸಡಿಲವಾಯಿತು.

2008ರ ಎರಡು ಜೋಡಿಗಳು

ಆಯ್ಕೆಯ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ ಮುಂದಿಟ್ಟ ವರ್ಷ 2008. ನಿಕಾನ್‌ನ ಅಗ್ರ ಮಾದರಿ ಡಿ3 ಹಿಂದಿನ ವರ್ಷವಷ್ಟೇ ಬಂದಿತ್ತು. 12.1 ಮೆಗಾಪಿಕ್ಸೆಲ್‌ನ ಅದರ ಸೆನ್ಸರ್ ಮಂದ ಬೆಳಕಿನಲ್ಲಿ ತೋರಿದ ಸಾಮರ್ಥ್ಯ ಎಲ್ಲರ ಮೆಚ್ಚುಗೆ ಗಳಿಸಿತ್ತು. ವರ್ಷ ತುಂಬುವ ಮೊದಲೇ, 2008ರ ಜುಲೈನಲ್ಲಿ, ಅದೇ ಸಾಮರ್ಥ್ಯದ ಸೆನ್ಸರ್ ಹಾಗೂ ಅದೇ 51 ಬಿಂದುಗಳ ಫೋಕಸ್ ವ್ಯವಸ್ಥೆ ಹೊತ್ತ ಡಿ700 ಪ್ರಕಟವಾಯಿತು. ಡಿ3ರ ಬೆಲೆ ಸುಮಾರು 5,000 ಡಾಲರ್, ಡಿ700ರ ಬೆಲೆ ಸುಮಾರು 3,000 ಡಾಲರ್.

ಉಳಿದ 2,000 ಡಾಲರ್‌ಗೆ ಡಿ3 ಕೊಡುತ್ತಿದ್ದುದೇನು? ಸೆಕೆಂಡಿಗೆ 5ರ ಬದಲು 9 ಚಿತ್ರ. ಒಂದರ ಬದಲು ಎರಡು ಕಾರ್ಡ್ ಹಾಕುವ ಅವಕಾಶ. ಚೌಕಟ್ಟನ್ನು ಶೇ. 95ರ ಬದಲು ಪೂರ್ತಿಯಾಗಿ ತೋರಿಸುವ ವ್ಯೂಫೈಂಡರ್. ಒಂದೂವರೆ ಲಕ್ಷದ ಬದಲು ಮೂರು ಲಕ್ಷ ಬಾರಿ ತೆರೆದು ಮುಚ್ಚುವಂತೆ ಪರೀಕ್ಷಿಸಲಾದ ಶಟರ್. ಒಮ್ಮೆ ಚಾರ್ಜ್ ಮಾಡಿದರೆ, ನಿಗದಿತ ಮಾನದಂಡದ ಪ್ರಕಾರ, ಸುಮಾರು 1,000 ಚಿತ್ರದ ಬದಲು 4,300 ಚಿತ್ರ ತೆಗೆಯಬಲ್ಲ ಬ್ಯಾಟರಿ. ಇವುಗಳಲ್ಲಿ ಒಂದೂ ಚಿತ್ರದ ಬಣ್ಣವನ್ನಾಗಲಿ ಸ್ಫುಟತೆಯನ್ನಾಗಲಿ ಬದಲಿಸುವಂಥದ್ದಲ್ಲ. ಅಷ್ಟೇ ಅಲ್ಲ, ಸೆನ್ಸರ್ ಮೇಲಿನ ಧೂಳನ್ನು ಕಂಪನದಿಂದ ಕೊಡವುವ ವ್ಯವಸ್ಥೆಯೂ ಬಾಡಿಯಲ್ಲೇ ಅಡಗಿದ ಪುಟ್ಟ ಫ್ಲ್ಯಾಶ್ ಕೂಡ ಡಿ700ರಲ್ಲಿದ್ದವು, ಡಿ3ರಲ್ಲಿ ಇರಲಿಲ್ಲ.

ವೇಗ ಬೇಕಾದವರು ಡಿ700ಕ್ಕೆ ಹೆಚ್ಚುವರಿ ಬ್ಯಾಟರಿ ಹಿಡಿಕೆ ಜೋಡಿಸಿ, ಸೂಕ್ತ ಬ್ಯಾಟರಿ ಹಾಕಿ ಸೆಕೆಂಡಿಗೆ 8 ಚಿತ್ರಗಳವರೆಗೆ ಏರಬಹುದಾಗಿತ್ತು. ಆದರೆ ಆಗ ತೂಕದಲ್ಲಿ ಅದು ಡಿ3ಕ್ಕಿಂತ ಹಗುರವೆಂಬ ಹೆಗ್ಗಳಿಕೆ ಉಳಿಯುತ್ತಿರಲಿಲ್ಲ. ಬಿಡಿ ಭಾಗಗಳನ್ನು ಕೂಡಿಸಿ ಅಗ್ರ ಮಾದರಿಗೆ ಸಮ ಮಾಡಲು ಹೊರಟವರು ಈ ಒಟ್ಟು ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಎರಡನೆಯ ಜೋಡಿ ಕ್ಯಾನನ್‌ನದು. 2007ರ ಇಒಎಸ್-1ಡಿಎಸ್ ಮಾರ್ಕ್ 3ರ ಸೆನ್ಸರ್ 21.1 ಮೆಗಾಪಿಕ್ಸೆಲ್‌ನದು, ಬೆಲೆ 7,999 ಡಾಲರ್. ಮರುವರ್ಷ ಬಂದ 5ಡಿ ಮಾರ್ಕ್ 2ರಲ್ಲೂ ಅಷ್ಟೇ ಮೆಗಾಪಿಕ್ಸೆಲ್, ಬೆಲೆ 2,699 ಡಾಲರ್. ಫೋಕಸ್ ಬಿಂದುಗಳು 45ರಿಂದ 9ಕ್ಕೆ ಇಳಿದಿದ್ದವು, ವೇಗ ತುಸು ತಗ್ಗಿತ್ತು. ಆದರೆ ಅಗ್ರ ಮಾದರಿಯಲ್ಲಿ ಇಲ್ಲದ ಪೂರ್ಣ ಎಚ್‌ಡಿ ವೀಡಿಯೊ ಸೌಲಭ್ಯ ಇದರಲ್ಲಿತ್ತು. ಅಮೆರಿಕದ ‘ಹೌಸ್’ ಎಂಬ ಟಿವಿ ಧಾರಾವಾಹಿಯ 2010ರ ಸಂಚಿಕೆಯೊಂದನ್ನು ಈ ಕ್ಯಾಮೆರಾದಿಂದ ಚಿತ್ರೀಕರಿಸಿದ್ದು ಚಲನಚಿತ್ರ ಕ್ಷೇತ್ರದ ಗಮನ ಸೆಳೆಯಿತು. ಮೇಲಿನ ಮಾದರಿಯಲ್ಲಿ ಎಲ್ಲವೂ ಇರುತ್ತದೆ ಎಂಬ ನಂಬಿಕೆ ಸರಿಯಲ್ಲವೆಂಬುದು ಈ ಎರಡೂ ಜೋಡಿಗಳಿಂದ ಸ್ಪಷ್ಟವಾಗುತ್ತದೆ. ಕೆಳಗಿನ ಮಾದರಿ ತಡವಾಗಿ ಬರುವುದರಿಂದ ಹೊಸ ಸೌಲಭ್ಯವೊಂದು ಅದಕ್ಕೇ ಮೊದಲು ದಕ್ಕುವುದುಂಟು.

ಕನ್ನಡಿ ಇಲ್ಲದ ಕ್ಯಾಮೆರಾಗಳಲ್ಲಿ

ಇಂದು ಪ್ರಮುಖ ಕಂಪನಿಗಳ ವೃತ್ತಿಪರ ಕ್ಯಾಮೆರಾಗಳು ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಮಾದರಿಗಳು. ಇವುಗಳಲ್ಲಿ ಗಮನಿಸಬೇಕಾದ ಹೊಸ ಅಂಶವೊಂದಿದೆ. ಅದು ಸೆನ್ಸರ್‌ನ ಓದುವೇಗ, ಅಂದರೆ ಸೆನ್ಸರ್ ಮೇಲೆ ಬಿದ್ದ ಚಿತ್ರವನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಿ ಮುಗಿಸಲು ಹಿಡಿಯುವ ಸಮಯ. ಎಲೆಕ್ಟ್ರಾನಿಕ್ ಶಟರ್ ಬಳಸುವಾಗ ಓದು ನಿಧಾನವಾದರೆ ಬೀಸಿದ ಕ್ರಿಕೆಟ್ ಬ್ಯಾಟು ಬಾಗಿದಂತೆ ಕಾಣುತ್ತದೆ, ಓಡುವ ವಾಹನ ವಾಲಿದಂತೆ ಕಾಣುತ್ತದೆ. ಎಲ್‌ಇಡಿ ದೀಪಗಳ ಅಡಿಯಲ್ಲಿ ಚಿತ್ರಕ್ಕೆ ಅಡ್ಡಲಾಗಿ ಪಟ್ಟೆಗಳು ಮೂಡಬಹುದು. ಸ್ಟ್ಯಾಕ್ಡ್ ಸೆನ್ಸರ್‌ನಲ್ಲಿ ಬೆಳಕು ಹಿಡಿಯುವ ಪದರದ ಹಿಂದೆಯೇ ಸಂಸ್ಕರಣೆಯ ಸರ್ಕ್ಯೂಟ್‌ಗಳನ್ನು ಪದರವಾಗಿ ಜೋಡಿಸಿರುವುದರಿಂದ ಓದು ಹಲವು ಪಟ್ಟು ಶೀಘ್ರವಾಗುತ್ತದೆ. ಇದು ದುಬಾರಿ ತಂತ್ರಜ್ಞಾನ.

ಸೋನಿಯ 2021ರ ಎರಡು ಮಾದರಿಗಳಲ್ಲಿ ಈ ಅಂತರ ಎದ್ದು ಕಾಣುತ್ತದೆ. ಬಿಡುಗಡೆಯ ವೇಳೆ ಸುಮಾರು 6,500 ಡಾಲರ್ ಬೆಲೆಯಿದ್ದ ಆಲ್ಫಾ 1ರಲ್ಲಿ ಸ್ಟ್ಯಾಕ್ಡ್ ಸೆನ್ಸರ್ ಇದ್ದು ಸೆಕೆಂಡಿಗೆ 30 ಚಿತ್ರ ತೆಗೆಯಬಲ್ಲದು. ಬಿಡುಗಡೆಯ ವೇಳೆ ಸುಮಾರು 2,500 ಡಾಲರ್ ಬೆಲೆಯಿದ್ದ ಆಲ್ಫಾ 7-4ರಲ್ಲಿ ಅಂಥ ಸೆನ್ಸರ್ ಇಲ್ಲ. ವೇಗ ಸೆಕೆಂಡಿಗೆ 10 ಚಿತ್ರ. ಇಲ್ಲಿ ಹಣದ ವ್ಯತ್ಯಾಸ ಸೆನ್ಸರ್‌ನಲ್ಲೇ ಇದೆ. ಆದರೂ ನಿಶ್ಚಲ ವಸ್ತುಗಳನ್ನು, ಭಾವಚಿತ್ರಗಳನ್ನು ಯಾಂತ್ರಿಕ ಶಟರ್ ಬಳಸಿ ತೆಗೆಯುವವರಿಗೆ ಓದುವೇಗ ಅಡ್ಡಿಯಾಗದು.

ನಿಕಾನ್ ಝಡ್9 ಮತ್ತು ಝಡ್8ರ ಕಥೆ ಬೇರೆ. ಎರಡರಲ್ಲೂ 45.7 ಮೆಗಾಪಿಕ್ಸೆಲ್‌ನ ಸ್ಟ್ಯಾಕ್ಡ್ ಸೆನ್ಸರ್, ಎರಡರಲ್ಲೂ ಸೆಕೆಂಡಿಗೆ 20 ರಾ ಚಿತ್ರಗಳ ವೇಗ, ಎರಡರಲ್ಲೂ 8ಕೆ ವೀಡಿಯೊ. ಯಾಂತ್ರಿಕ ಶಟರ್ ಎರಡರಲ್ಲೂ ಇಲ್ಲ. ಹೀಗಾಗಿ ಡಿ3-ಡಿ700 ಕಾಲದಲ್ಲಿ ಮುಖ್ಯವಾಗಿದ್ದ ಶಟರ್ ಬಾಳಿಕೆಯ ಅಂತರವೇ ಇಲ್ಲಿ ಅಳಿಸಿಹೋಗಿದೆ. ಉಳಿದಿರುವ ವ್ಯತ್ಯಾಸಗಳು ಇವು: ಬ್ಯಾಟರಿ ಮತ್ತು ಕಾರ್ಡ್ ಸಹಿತ ಝಡ್9ರ ತೂಕ 1,340 ಗ್ರಾಂ, ಝಡ್8ರ ತೂಕ 910 ಗ್ರಾಂ. ಝಡ್9ರ ಬ್ಯಾಟರಿ ಸರಿಸುಮಾರು ದುಪ್ಪಟ್ಟು ಬಾಳುತ್ತದೆ. ಅದರಲ್ಲಿ ಎರಡು ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್‌ಗಳಿಗೆ ಸ್ಥಳವಿದ್ದರೆ, ಝಡ್8ರಲ್ಲಿ ಒಂದು ಸಿಎಫ್‌ಎಕ್ಸ್‌ಪ್ರೆಸ್, ಇನ್ನೊಂದು ಎಸ್‌ಡಿ. ನೆಟ್‌ವರ್ಕ್ ಕೇಬಲ್ ಜೋಡಿಸುವ ಕಿಂಡಿ ಮತ್ತು ತೆಗೆದ ಸ್ಥಳವನ್ನು ಉಪಗ್ರಹದ ನೆರವಿನಿಂದ ದಾಖಲಿಸುವ ವ್ಯವಸ್ಥೆ ಝಡ್9ರಲ್ಲಿ ಮಾತ್ರ ಇವೆ. 8ಕೆ ವೀಡಿಯೊವನ್ನು ಸೆಕೆಂಡಿಗೆ 30 ಫ್ರೇಮ್ ದರದಲ್ಲಿ ಝಡ್9 ಸತತ 125 ನಿಮಿಷ ದಾಖಲಿಸಬಲ್ಲದೆಂದೂ, ಝಡ್8 90 ನಿಮಿಷವೆಂದೂ ಕಂಪನಿ ಹೇಳಿದೆ. ದೊಡ್ಡ ಬಾಡಿ ಬಿಸಿಯನ್ನು ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ.

ಕ್ಯಾನನ್ 2024ರ ಜುಲೈನಲ್ಲಿ ಒಂದೇ ದಿನ ಪ್ರಕಟಿಸಿದ ಆರ್1 ಮತ್ತು ಆರ್5 ಮಾರ್ಕ್ 2 ಮತ್ತೊಂದು ಬಗೆಯವು. ಪ್ರಕಟಣೆಯ ವೇಳೆ 6,299 ಡಾಲರ್ ಬೆಲೆಯಿದ್ದ ಆರ್1ರದು 24.2 ಮೆಗಾಪಿಕ್ಸೆಲ್, 4,299 ಡಾಲರ್ ಬೆಲೆಯಿದ್ದ ಆರ್5 ಮಾರ್ಕ್ 2ರದು 45 ಮೆಗಾಪಿಕ್ಸೆಲ್. ಅಧಿಕ ಬೆಲೆಯದಕ್ಕೇ ಕಡಿಮೆ ಮೆಗಾಪಿಕ್ಸೆಲ್! ಇದು ವಿರೋಧಾಭಾಸವಲ್ಲ. ಕ್ರೀಡಾಂಗಣದಿಂದ ಕ್ಷಣಾರ್ಧದಲ್ಲಿ ಚಿತ್ರ ರವಾನಿಸಬೇಕಾದವರಿಗೆ ಚಿಕ್ಕ ಕಡತವೇ ಅನುಕೂಲ. ಆರ್1ರ ವೇಗ ಸೆಕೆಂಡಿಗೆ 40 ಚಿತ್ರ, ಆರ್5 ಮಾರ್ಕ್ 2ರದು 30. ಗೋಡೆ ತುಂಬುವ ಚಿತ್ರ ಮುದ್ರಿಸಬೇಕಾದ ಸ್ಟುಡಿಯೊಗೆ ಇಲ್ಲಿ ಅಗ್ಗದ ಬಾಡಿಯೇ ಹೆಚ್ಚು ಯೋಗ್ಯ.

ಯಾವ ಕೆಲಸಕ್ಕೆ ಯಾವುದು?

ಸುದ್ದಿ ಮತ್ತು ಕ್ರೀಡೆ: ಅಗ್ರ ಮಾದರಿಗಳು ರೂಪುಗೊಂಡಿರುವುದೇ ಈ ವರ್ಗಕ್ಕಾಗಿ. ವಿಕೆಟ್ ಬಿದ್ದ ಕೆಲವೇ ನಿಮಿಷಗಳಲ್ಲಿ ಚಿತ್ರ ಸಂಪಾದಕರ ಮೇಜು ತಲುಪಬೇಕಾದಾಗ ನೆಟ್‌ವರ್ಕ್ ಕೇಬಲ್‌ನ ಕಿಂಡಿ ಅಲಂಕಾರದ ವಸ್ತುವಲ್ಲ. ದಿನವಿಡೀ ನಡೆಯುವ ಪಂದ್ಯದಲ್ಲಿ ಬ್ಯಾಟರಿ ಬದಲಿಸುವ ಕ್ಷಣದಲ್ಲೇ ಆಟದ ತಿರುವು ಘಟಿಸಬಹುದು. ಇಂಥ ಕೆಲಸವನ್ನು ನಿತ್ಯವೂ ಮಾಡುವವರಿಗೆ ಅಗ್ರ ಮಾದರಿ ಸಮರ್ಥನೀಯ. ವಾರಕ್ಕೊಮ್ಮೆ ಶಾಲಾ ಕ್ರೀಡಾಕೂಟ ತೆಗೆಯುವವರಿಗೆ ಅಲ್ಲ.

ವನ್ಯಜೀವಿ: ಕಬಿನಿ, ನಾಗರಹೊಳೆ, ಬಂಡೀಪುರಗಳಲ್ಲಿ ಮುಂಜಾವಿನ ಮಂದ ಬೆಳಕಿನಲ್ಲಿ, ಜೀಪಿನ ಮೇಲಿಂದ, ಉದ್ದನೆಯ ಲೆನ್ಸ್ ಹಿಡಿದು ಕಾಯುವವರಿಗೆ ಫೋಕಸ್‌ನ ಚುರುಕುತನ ಮುಖ್ಯ. ಅದರೊಂದಿಗೆ ದೂಳು ಮತ್ತು ಮಳೆಯನ್ನು ತಡೆಯುವ ಕವಚವೂ ಬೇಕು. ಭಾರವಾದ 600 ಮಿ.ಮೀ. ಲೆನ್ಸ್‌ಗೆ ದೊಡ್ಡ ಬಾಡಿ ಸಮತೋಲ ಕೊಡುತ್ತದೆ ಎಂಬ ವಾದವೂ ಇದೆ. ಆದರೆ ಝಡ್8, ಆರ್5 ಮಾರ್ಕ್ 2ರಂಥ ಬಾಡಿಗಳಲ್ಲಿ ಪ್ರಾಣಿ-ಪಕ್ಷಿಗಳ ಕಣ್ಣನ್ನು ಗುರುತಿಸಿ ಬೆನ್ನುಹತ್ತುವ ಫೋಕಸ್ ಇರುವಾಗ, ಉಳಿದ ಹಣವನ್ನು ಲೆನ್ಸ್‌ಗೆ ಹಾಕುವುದೇ ಲಾಭದಾಯಕ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್ ಮತ್ತು ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯರು ಅಂತರರಾಷ್ಟ್ರೀಯ ಮನ್ನಣೆ ಗಳಿಸಿದ್ದು ಫಿಲ್ಮ್ ಕ್ಯಾಮೆರಾಗಳ ಕಾಲದಲ್ಲಿ, ಫೋಕಸನ್ನು ಕೈಯಿಂದಲೇ ಹೊಂದಿಸುತ್ತಿದ್ದ ದಿನಗಳಿಂದ ಮೊದಲ್ಗೊಂಡು ಎಂಬುದನ್ನು ಇಲ್ಲಿ ನೆನೆಯಬಹುದು.

ಮದುವೆ ಮತ್ತು ಸಮಾರಂಭ: ರಾಜ್ಯದ ಛಾಯಾಗ್ರಾಹಕರಲ್ಲಿ ಅನೇಕರ ಅನ್ನ ಹುಟ್ಟುವುದು ಇಲ್ಲಿಯೇ. ಗಟ್ಟಿಮೇಳ ಮೊಳಗುವಾಗ ಕ್ಯಾಮೆರಾ ಕೆಟ್ಟರೆ ಮಾಂಗಲ್ಯಧಾರಣೆಯನ್ನು ಇನ್ನೊಮ್ಮೆ ಮಾಡಿಸಲಾಗದು. ಆದ್ದರಿಂದ ಈ ಕೆಲಸದಲ್ಲಿ ಭರವಸೆ ಅತ್ಯಗತ್ಯ. ಆದರೆ ಅದನ್ನು ಪಡೆಯುವ ದಾರಿ ಒಂದು ಅಗ್ರ ಮಾದರಿಯಲ್ಲ, ಎರಡು ಮಧ್ಯಮ ಬಾಡಿಗಳು. ಎಷ್ಟೇ ಗಟ್ಟಿಮುಟ್ಟಾದ ಕ್ಯಾಮೆರಾ ಆದರೂ ಕೈಜಾರಿ ಬೀಳಬಹುದು, ಕಳವಾಗಬಹುದು. ಎರಡನೆಯ ಬಾಡಿಯೊಂದೇ ಅದಕ್ಕೆ ಪರಿಹಾರ. ಒಂದಕ್ಕೆ ಅಗಲ ನೋಟದ ಲೆನ್ಸ್, ಇನ್ನೊಂದಕ್ಕೆ ದೂರದ ಲೆನ್ಸ್ ಹಾಕಿಟ್ಟರೆ ಮಂಟಪದ ಮುಂದೆ ಲೆನ್ಸ್ ಬದಲಿಸುವ ಗಡಿಬಿಡಿಯೂ ತಪ್ಪುತ್ತದೆ. ಆರಂಭಿಕ ಬೆಲೆಗಳನ್ನೇ ಹಿಡಿದರೆ ಎರಡು ಝಡ್8ಗಳಿಗೆ 6,87,990 ರೂ., ಎರಡು ಝಡ್9ಗಳಿಗೆ 9,51,990 ರೂ. ಜೊತೆಗೆ ಬೆಳಗಿನಿಂದ ಆರತಕ್ಷತೆಯವರೆಗೆ ಎರಡು ಬಾಡಿ ಹೆಗಲಿಗೇರಿಸಿದವರಿಗೆ 860 ಗ್ರಾಂ ಉಳಿತಾಯ ಸಣ್ಣದೇನಲ್ಲ.

ಸ್ಟುಡಿಯೊ, ವಸ್ತು, ವಾಸ್ತುಶಿಲ್ಪ: ಇಲ್ಲಿ ಬೆಳಕು ಛಾಯಾಗ್ರಾಹಕನ ಹತೋಟಿಯಲ್ಲಿದೆ ಅಥವಾ ವಸ್ತು ನಿಶ್ಚಲವಾಗಿದೆ. ಸೆಕೆಂಡಿಗೆ 30 ಚಿತ್ರದ ವೇಗಕ್ಕೆ ಅರ್ಥವೇ ಇಲ್ಲ. ಒಡವೆ ಅಂಗಡಿಯ ಜಾಹೀರಾತಿಗೋ ಬೇಲೂರು-ಹಳೇಬೀಡಿನ ಕೆತ್ತನೆಗೋ ಬೇಕಾದುದು ಉತ್ತಮ ದೀಪ, ಗಟ್ಟಿ ಟ್ರೈಪಾಡ್, ಒಳ್ಳೆಯ ಮ್ಯಾಕ್ರೊ ಲೆನ್ಸ್. ಈ ವರ್ಗದವರು ಅಗ್ರ ಮಾದರಿಗೆ ಹಣ ಹೂಡುವ ಅಗತ್ಯವಿಲ್ಲ.

ಮೊದಲು ಲೆನ್ಸ್, ಆಮೇಲೆ ಬಾಡಿ

ಬಾಡಿಗಿಂತ ಲೆನ್ಸ್ ಮುಖ್ಯವೆಂಬ ಹಳೆಯ ಮಾತಿಗೆ ಗಟ್ಟಿಯಾದ ಲೆಕ್ಕವಿದೆ. ಎಫ್/5.6 ಕಿಂಡಿಯ ಲೆನ್ಸ್‌ಗಿಂತ ಎಫ್/2.8 ಕಿಂಡಿಯ ಲೆನ್ಸ್ ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ. ರಾತ್ರಿಯ ಪಂದ್ಯವೊಂದರಲ್ಲಿ ಸೆಕೆಂಡಿನ 1,000ದಲ್ಲೊಂದು ಭಾಗದ ಶಟರ್ ವೇಗಕ್ಕೆ ಮೊದಲಿನ ಲೆನ್ಸ್ ಐಎಸ್‌ಒ 12,800 ಬೇಡಿದರೆ, ಎರಡನೆಯದಕ್ಕೆ 3,200 ಸಾಕು. ಚಿತ್ರದಲ್ಲಿ ಕಾಣುವ ಕಾಳುಕಾಳಾದ ಕಲೆಗಳು ಅಷ್ಟರಮಟ್ಟಿಗೆ ಕಡಿಮೆಯಾಗುತ್ತವೆ. ಒಂದೇ ಗಾತ್ರದ, ಸಮಕಾಲೀನ ಸೆನ್ಸರ್ ಹೊಂದಿರುವ ಎರಡು ಬಾಡಿಗಳ ನಡುವೆ ಇಷ್ಟು ದೊಡ್ಡ ಅಂತರ ಸಿಗುವುದಿಲ್ಲ.

ಬಾಳಿಕೆಯ ದೃಷ್ಟಿಯಿಂದಲೂ ಇದೇ ಸರಿ. ಬಾಡಿ ಕೆಲವೇ ವರ್ಷಗಳಲ್ಲಿ ಹೊಸ ಮಾದರಿಯೆದುರು ಹಳತಾಗಿ ಬೆಲೆ ಕಳೆದುಕೊಳ್ಳುತ್ತದೆ. ಒಳ್ಳೆಯ ಲೆನ್ಸ್ ಅಷ್ಟು ಬೇಗ ಕಳೆದುಕೊಳ್ಳದು. ಎರಡು-ಮೂರು ತಲೆಮಾರಿನ ಬಾಡಿಗಳಿಗೆ ಅದು ಸೇವೆ ಸಲ್ಲಿಸಬಲ್ಲದು. ಹಳೆಯ ಲೆನ್ಸ್‌ನೊಂದಿಗೆ ಅಗ್ರ ಬಾಡಿ ಹಿಡಿದವರಿಗಿಂತ, ಮಧ್ಯಮ ಬಾಡಿಗೆ ಉತ್ತಮ ಲೆನ್ಸ್ ಜೋಡಿಸಿದವರ ಚಿತ್ರವೇ ಸಾಮಾನ್ಯವಾಗಿ ಮೇಲುಗೈ ಪಡೆಯುತ್ತದೆ.

ಬೆಲೆಪಟ್ಟಿಯಲ್ಲಿ ಕಾಣದ ಖರ್ಚು

ವೇಗದ ಕ್ಯಾಮೆರಾ ತನ್ನ ಜೊತೆಗೆ ಬೇರೆ ಖರ್ಚುಗಳನ್ನೂ ತರುತ್ತದೆ. 45 ಮೆಗಾಪಿಕ್ಸೆಲ್‌ನ ಒಂದು ರಾ ಕಡತ ಸುಮಾರು 50 ಎಂಬಿ ಎಂದು ಹಿಡಿದರೆ, ಸೆಕೆಂಡಿಗೆ 20ರಂತೆ ಹತ್ತು ಸೆಕೆಂಡು ತೆಗೆದ ಚಿತ್ರಗಳು 10 ಜಿಬಿ ಆಗುತ್ತವೆ. ಈ ಭಾರ ತಾಳುವ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್‌ಗಳು ಎಸ್‌ಡಿ ಕಾರ್ಡ್‌ಗಳಿಗಿಂತ ದುಬಾರಿ. ಅಷ್ಟು ಕಡತಗಳನ್ನು ತೆರೆಯಲು ಶಕ್ತ ಕಂಪ್ಯೂಟರ್, ಕಾಪಾಡಲು ಎರಡೆರಡು ಹಾರ್ಡ್ ಡಿಸ್ಕ್ ಬೇಕು. ಸಾವಿರಾರು ಚಿತ್ರಗಳಲ್ಲಿ ಹತ್ತನ್ನು ಆಯ್ದು ತೆಗೆಯುವ ಸಮಯವೂ ಖರ್ಚೇ.

ಯಾಂತ್ರಿಕ ಶಟರ್ ಇರುವ ಬಾಡಿಯಾದರೆ ಅದರ ಬಾಳಿಕೆಯ ಲೆಕ್ಕ ಹಾಕಬೇಕು. ಒಂದು ಮದುವೆಗೆ 3,000 ಚಿತ್ರದಂತೆ ವರ್ಷಕ್ಕೆ 50 ಮದುವೆ ಎಂದಿಟ್ಟುಕೊಂಡರೆ ಒಂದೂವರೆ ಲಕ್ಷವಾಯಿತು. ಅಂದರೆ ಡಿ700ರಂಥ ಬಾಡಿಯ ಘೋಷಿತ ಆಯಸ್ಸು ಒಂದೇ ವರ್ಷಕ್ಕೆ ಮುಗಿಯುತ್ತದೆ. ಅದರ ನಂತರ ಶಟರ್ ತಕ್ಷಣ ಕೆಡುತ್ತದೆ ಎಂದೇನಲ್ಲ, ಆದರೆ ದುರಸ್ತಿಗೆ ಹಣ ತೆಗೆದಿಡುವುದು ಜಾಣತನ. ಹಳೆಯ ಬಾಡಿ ಕೊಳ್ಳುವವರು ಈ ಎಣಿಕೆಯನ್ನು ಕೇಳಿ ತಿಳಿಯಲೇಬೇಕು. ಹಿಂದಿನ ತಲೆಮಾರಿನ ಅಗ್ರ ಮಾದರಿ ಮತ್ತು ಹೊಸ ಮಧ್ಯಮ ಮಾದರಿ ಒಂದೇ ಬೆಲೆಗೆ ಸಿಗುತ್ತಿದ್ದರೆ, ಬಳಕೆಯ ಇತಿಹಾಸ ಗೊತ್ತಿಲ್ಲದ ಮೊದಲನೆಯದಕ್ಕಿಂತ ವಾರಂಟಿ ಇರುವ ಎರಡನೆಯದು ಸುರಕ್ಷಿತ.

ತೆರಿಗೆಯ ವಿಚಾರವೂ ಇದೆ. ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿಯನ್ನು ಶೇ. 28ರಿಂದ ಶೇ. 18ಕ್ಕೆ ಇಳಿಸಲು ಜಿಎಸ್‌ಟಿ ಮಂಡಳಿ 2018ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿತು. ಶೇ. 18ರ ಲೆಕ್ಕದಲ್ಲಿ 4,75,995 ರೂ. ಬಿಲ್ಲಿನೊಳಗೆ ತೆರಿಗೆಯ ಪಾಲು ಸುಮಾರು 72,600 ರೂ. ಜಿಎಸ್‌ಟಿ ನೋಂದಣಿಯುಳ್ಳ ಸ್ಟುಡಿಯೊ, ವೃತ್ತಿಗಾಗಿ ಕೊಂಡ ಕ್ಯಾಮೆರಾದ ಈ ಮೊತ್ತವನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ನಿಯಮಾನುಸಾರ ಹೊಂದಿಸಿಕೊಳ್ಳಬಹುದು. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ವಿದೇಶಿ ಸರಕಿಗೆ ಈ ಅನುಕೂಲವೂ ಇಲ್ಲ, ಸ್ಥಳೀಯ ವಾರಂಟಿಯ ಆಸರೆಯೂ ಇರುವುದಿಲ್ಲ. ಇನ್ನು ಮಳೆ-ದೂಳು ನಿರೋಧಕ ಎಂಬ ವಿವರಣೆಯನ್ನು ನೀರು ನುಗ್ಗದು ಎಂಬ ಖಾತರಿಯಾಗಿ ತಿಳಿಯಬಾರದು. ಮಲೆನಾಡಿನ ಮಳೆಯಲ್ಲಿ ಅಗ್ರ ಮಾದರಿಗೂ ಹೊದಿಕೆ ಬೇಕು. ವಿಮೆ ಮಾಡಿಸುವುದು ಎರಡೂ ವರ್ಗಕ್ಕೆ ಅವಶ್ಯ.

ತೀರ್ಮಾನಕ್ಕೆ ಮುನ್ನ

ಹಣ ತೆರುವ ಮೊದಲು ಕೆಲವು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಕಂಡುಕೊಳ್ಳಬೇಕು. ಕಳೆದ ಒಂದು ವರ್ಷದಲ್ಲಿ ಕೈತಪ್ಪಿದ ಚಿತ್ರಗಳು ಯಾವುವು, ಅವು ತಪ್ಪಿದ್ದು ಬಾಡಿಯ ನಿಧಾನದಿಂದಲೋ, ಲೆನ್ಸ್‌ನ ಮಿತಿಯಿಂದಲೋ, ಬೆಳಕಿನ ಕೊರತೆಯಿಂದಲೋ? ಹೋಲಿಸುತ್ತಿರುವ ಎರಡು ಬಾಡಿಗಳ ಸೆನ್ಸರ್ ಒಂದೆಯೋ, ಬೇರೆಯೋ? ಎರಡು ಕಾರ್ಡ್‌ಗೆ ಏಕಕಾಲಕ್ಕೆ ಚಿತ್ರ ಬರೆಯುವ ಸೌಲಭ್ಯ ಮಧ್ಯಮ ಬಾಡಿಯಲ್ಲೂ ಇದೆಯೇ? ಎರಡನೆಯ ಬಾಡಿ ಈಗಾಗಲೇ ಇದೆಯೇ? ತೆಗೆದುಕೊಂಡ ಸಾಲ ಎಷ್ಟು ಸಮಾರಂಭಗಳ ಸಂಪಾದನೆಯಿಂದ ತೀರುತ್ತದೆ?

ಸಂಶಯ ಉಳಿದರೆ ಬಾಡಿಗೆಗೆ ತಂದು ನೋಡುವ ಮಾರ್ಗವಿದೆ. ಬೆಂಗಳೂರಿನಂಥ ನಗರಗಳಲ್ಲಿ ಕ್ಯಾಮೆರಾ, ಲೆನ್ಸ್‌ಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಎರಡು ದಿನ ನಿಜವಾದ ಕೆಲಸದಲ್ಲಿ ಬಳಸಿದರೆ ಕೈಗೆ ತೂಕ ಒಗ್ಗುತ್ತದೆಯೇ, ಗುಂಡಿಗಳು ಸರಿಹೊಂದುತ್ತವೆಯೇ ಎಂಬುದು ಯಾವ ಜಾಹೀರಾತಿಗಿಂತಲೂ ಸ್ಪಷ್ಟವಾಗಿ ತಿಳಿಯುತ್ತದೆ. ವರ್ಷದಲ್ಲಿ ಎರಡು-ಮೂರು ಬಾರಿ ಮಾತ್ರ ಅಗ್ರ ಮಾದರಿಯ ವೇಗ ಬೇಕಾಗುವವರು ಅಷ್ಟು ಸಲ ಬಾಡಿಗೆಗೆ ತರುವುದೇ ಮೇಲು.

ದಿನವೂ ಗಡುವಿನೊಡನೆ, ಮಳೆ-ಬಿಸಿಲಿನಲ್ಲಿ, ಓಡುವ ವಸ್ತುವಿನ ಹಿಂದೆ ಕೆಲಸ ಮಾಡುವವರಿಗೆ ಅಗ್ರ ಮಾದರಿ ತನ್ನ ಬೆಲೆಯನ್ನು ದುಡಿದು ತೀರಿಸುತ್ತದೆ. ಉಳಿದ ಬಹುಪಾಲು ವೃತ್ತಿಪರರಿಗೆ ಎರಡು ಮಧ್ಯಮ ಬಾಡಿ, ಒಂದು ಉತ್ತಮ ಲೆನ್ಸ್ ಮತ್ತು ಕಡಿಮೆ ಸಾಲ ಹೆಚ್ಚು ಕ್ಷೇಮ. ಚಿತ್ರ ನೋಡುವ ಗ್ರಾಹಕ ಅದನ್ನು ಯಾವ ಬಾಡಿಯಿಂದ ತೆಗೆದದ್ದೆಂದು ಕೇಳುವುದು ಅಪರೂಪ. ಸಾಲದ ಕಂತು ಮಾತ್ರ ಪ್ರತಿ ತಿಂಗಳೂ ತಪ್ಪದೆ ಬರುತ್ತದೆ.